ಹೊಸದಾಗಿ ಬರುವ ಆಯಾಗೆ ರಜೆ ದಿನಗಳ ಸಂಬಳ: ಕೊಡುವುದೋ, ಹಿಡಿಯುವುದೋ?

ಕೂಸಿನಮ್ಮ (ಬೆಂಗಳೂರು)

ಮಗಳಿಗೆ ಐದೂವರೆ ತಿಂಗಳು. ನನ್ನ 26 ವಾರಗಳ ಹೆರಿಗೆ ರಜೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಮ್ಮನಿಗೆ ಮಂಡಿ ನೋವು, ಅತ್ತೆಯವರು ಸಾಗರದ ತೋಟ ಬಿಟ್ಟು ಬರುವ ಹಾಗಿಲ್ಲ. ಹಾಗಾಗಿ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದ್ದೇವೆ. ಕಲಬುರಗಿ ಕಡೆಯವರು, ನಲವತ್ತರ ಆಸುಪಾಸು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ, ಭಾನುವಾರ ಬಿಡುವು, ತಿಂಗಳಿಗೆ 18,000 ರೂಪಾಯಿ. ಇಷ್ಟು ಮಾತಾಗಿದೆ.

ಅವರು ಮನೆ ನೋಡಲು ಬಂದ ದಿನ ನಾನು ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ. ಹಾಲು ಎಷ್ಟು ಬೆಚ್ಚಗಿರಬೇಕು, ಬಾಟಲಿ ಎಷ್ಟು ಹೊತ್ತು ಕುದಿಸಬೇಕು, ಮಗು ಮಲಗಿದಾಗ ಮೊಬೈಲ್ ನೋಡಬಾರದು, ಹೀಗೆ. ಎಲ್ಲಕ್ಕೂ ತಲೆಯಾಡಿಸಿದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದಾಗ ನನ್ನ ಸಂಬಳ ಏನು ಮಾಡುತ್ತೀರಿ ಮೇಡಂ?" ನನ್ನ ಪಟ್ಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದು ಕಳಿಸಿದೆ.

ನಮ್ಮವರು ಹೇಳುವುದು, ಕೆಲಸ ಮಾಡದ ದಿನಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು. ಹಾಗೆಂದದ್ದು ಆಗಸ್ಟ್ 15ರಂದು, ಸೋಫಾದ ಮೇಲೆ ಒರಗಿಕೊಂಡು.

ಮುಂದಿನ ಮೂರು ತಿಂಗಳಲ್ಲಿ ಗೌರಿ-ಗಣೇಶ, ದಸರಾ, ದೀಪಾವಳಿ ಎಲ್ಲ ಸಾಲಾಗಿ ಬರುತ್ತವೆ. ದೀಪಾವಳಿಗೆ ನಾವು ಸಾಗರಕ್ಕೆ ಹತ್ತು ದಿನ ಹೋಗುವವರಿದ್ದೇವೆ. ಆ ಹತ್ತು ದಿನದ ಸಂಬಳ ಕೊಡಬೇಕೇ? ಅವರೇ ಹಬ್ಬಕ್ಕೆ ಊರಿಗೆ ಹೋದರೆ? ಬಂದು ಎರಡೇ ತಿಂಗಳಾದವರಿಗೆ ದೀಪಾವಳಿ ಬೋನಸ್ ಎಷ್ಟು? ಅನುಭವ ಇದ್ದವರು ತಿಳಿಸಿ.

ಎರಡು ಮಕ್ಕಳ ತಂದೆ

ನಮ್ಮಲ್ಲಿ ಆರು ವರ್ಷದಿಂದ ಒಬ್ಬರೇ ಇದ್ದಾರೆ. ಭಾನುವಾರ ಬಿಟ್ಟು ತಿಂಗಳಿಗೆ ಒಂದು ದಿನ ಸಂಬಳದ ರಜೆ. ಬಳಸದಿದ್ದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ನಾವು ಊರಿಗೆ ಹೋದರೆ ಪೂರ್ತಿ ಸಂಬಳ, ಅದರಲ್ಲಿ ಚರ್ಚೆಯೇ ಇಲ್ಲ. ಕೆಲಸಕ್ಕೆ ಬರಲು ಅವರು ತಯಾರಿದ್ದರು, ಬಾಗಿಲು ಹಾಕಿಕೊಂಡು ಹೋದವರು ನಾವು. ದೀಪಾವಳಿಗೆ ಒಂದು ತಿಂಗಳ ಸಂಬಳ. ಮೊದಲ ವರ್ಷ ಮಾತ್ರ ಕೆಲಸ ಮಾಡಿದ ತಿಂಗಳುಗಳ ಲೆಕ್ಕದಲ್ಲಿ ಕೊಟ್ಟೆವು.

ನೇರ ಮಾತು

ಇಂಥ ಧಾರಾಳದವರಿಂದಲೇ ಉಳಿದವರಿಗೆ ತೊಂದರೆ. ಆರು ವರ್ಷ ನಂಬಿಕೆ ಗಳಿಸಿದವರಿಗೆ ಕೊಡುವುದು ಬೇರೆ, ನಿನ್ನೆ ಬಂದವರಿಗೆ ಕೊಡುವುದು ಬೇರೆ.

ನನ್ನ ಕತೆ ಕೇಳಿ. ಏಜೆನ್ಸಿಗೆ ಒಂದು ತಿಂಗಳ ಸಂಬಳದಷ್ಟು ಕಮಿಷನ್ ಕೊಟ್ಟು ಒಬ್ಬರನ್ನು ಇಟ್ಟುಕೊಂಡೆವು. ಯುಗಾದಿಗೆ ಎರಡು ದಿನ ಎಂದು ಹೋದರು. ಕೈಯಲ್ಲಿ ಹಬ್ಬದ ಖರ್ಚಿಗೆಂದು ಮುಂಗಡ ಬೇರೆ. ಮೂರನೆಯ ದಿನದಿಂದ ಮೊಬೈಲ್ ಬಂದ್. ಬಂದದ್ದು ಹತ್ತನೆಯ ದಿನ. ಅಷ್ಟರಲ್ಲಿ ನನ್ನ ಹೆಂಡತಿಯ ಏಳು ರಜೆ ಖಾಲಿ, ಅವಳ ಮೇಲಿನವರ ಮುಖ ಗಂಟು. ಏಜೆನ್ಸಿಯವರನ್ನು ಕೇಳಿದರೆ "ಹಬ್ಬ ಅಲ್ಲವೇ ಸಾರ್" ಎಂದರು. ಆ ದಿನಗಳಿಗೂ ನಾನು ಸಂಬಳ ಕೊಡಬೇಕಿತ್ತೇ?

ನನ್ನ ಸಲಹೆ: ಮೊದಲ ಮೂರು ತಿಂಗಳು ಬಂದ ದಿನಕ್ಕಷ್ಟೇ ಸಂಬಳ. ಹದಿನೈದು ದಿನದ ಹಣ ನಿಮ್ಮ ಕೈಯಲ್ಲಿ ಉಳಿಸಿಕೊಳ್ಳಿ.

ಹೊಸ್ತಿಲು

ಮೇಲಿನವರಿಗೆ ಒಂದು ಸಣ್ಣ ಪ್ರಶ್ನೆ. ನಿಮ್ಮ ಹೆಂಡತಿಯವರ ಆ ಏಳು ರಜೆಗೆ ಅವರ ಕಂಪನಿ ಸಂಬಳ ಹಿಡಿಯಿತೇ?

ಅಡುಗೆಯವರ ಮಗಳು

ಹಿಡಿದಿರಲಾರದು. ನಾನು ಇಲ್ಲಿ ಹೆಚ್ಚು ಬರೆಯುವವಳಲ್ಲ, ಆದರೆ ಈ ಪ್ರಶ್ನೆಗೆ ಸುಮ್ಮನಿರಲಾಗಲಿಲ್ಲ.

ನನ್ನ ಅಮ್ಮ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಒಂದರಲ್ಲಿ ಅಡುಗೆ, ಒಂದರಲ್ಲಿ ಪಾತ್ರೆ-ಬಟ್ಟೆ, ಇನ್ನೊಂದರಲ್ಲಿ ಮಗು. ನಮ್ಮ ಬಾಡಿಗೆ ಮನೆಯ ಗೋಡೆಯ ಅಲಮಾರಿಗೆ ಮರದ ಬಾಗಿಲಿತ್ತು. ಅದರ ಒಳಮೈಯಲ್ಲಿ ಅಮ್ಮ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಳು. ಹೋಗದ ದಿನಕ್ಕೆ ಒಂದು ಗೀಟು, ಬೇಡವೆಂದು ಅವರೇ ಹೇಳಿ ಕಳಿಸಿದ ದಿನಕ್ಕೆ ಒಂದು ಸೊನ್ನೆ. ತಿಂಗಳ ಕೊನೆಗೆ ಒಂದು ಮನೆಯವರು ಫ್ರಿಜ್ ಪಕ್ಕದ ಕ್ಯಾಲೆಂಡರ್ ತೆಗೆದು ಲೆಕ್ಕ ಹೇಳುವರು. ಅವರ ಕ್ಯಾಲೆಂಡರಿನಲ್ಲಿ ಗೀಟೂ ಸೊನ್ನೆಯೂ ಒಂದೇ ಕೆಂಪು ಗುರುತು. ಅಮ್ಮನ ಬಾಗಿಲನ್ನು ಕಿತ್ತು ಹೊತ್ತುಕೊಂಡು ಹೋಗಿ ತೋರಿಸುವುದಕ್ಕೆ ಆಗುತ್ತದೆಯೇ? ಅವರ ಲೆಕ್ಕವೇ ಗೆಲ್ಲುತ್ತಿತ್ತು.

ಹಬ್ಬದ ಒಂದು ದಿನ ಹೋದರೆ ಹೋಯಿತು ಎನ್ನಬಹುದು. ನಮ್ಮನ್ನು ನಿಜವಾಗಿ ಹಿಂಡುತ್ತಿದ್ದದ್ದು ಮೇ ತಿಂಗಳು. ಆ ಮನೆಗಳ ಮಕ್ಕಳಿಗೆ ಬೇಸಿಗೆ ರಜೆ. ಒಂದು ಮನೆ ಅಜ್ಜಿಯ ಊರಿಗೆ, ಇನ್ನೊಂದು ಪ್ರವಾಸಕ್ಕೆ. ಮೂರರಲ್ಲಿ ಎರಡು ಮನೆಗೆ ಬೀಗ, ಎರಡು ಸಂಬಳ ಇಲ್ಲ. ಅದರ ಬೆನ್ನಿಗೇ ಜೂನ್, ನಮ್ಮ ಶಾಲೆಯ ಶುಲ್ಕ, ನೋಟ್‌ಪುಸ್ತಕ, ಸಮವಸ್ತ್ರ. ಪ್ರತಿ ವರ್ಷ ಮೇ ಕೊನೆಗೆ ಅಮ್ಮ ಕೈಸಾಲ ಮಾಡುತ್ತಿದ್ದಳು. ಅದು ತೀರುವಾಗ ಗೌರಿ ಹಬ್ಬ ಬಂದಿರುತ್ತಿತ್ತು. ಬೇರೆಯವರ ಬೇಸಿಗೆ ರಜೆಗೆ ನಾವು ಬಡ್ಡಿ ಕಟ್ಟುತ್ತಿದ್ದೆವು ಎಂದು ನನಗೆ ಅರ್ಥವಾದದ್ದು ನಾನೇ ಸಂಬಳ ಎಣಿಸತೊಡಗಿದ ಮೇಲೆ.

ಕೂಸಿನಮ್ಮ ಅವರೇ, ಆ ಅಕ್ಕ ಹಬ್ಬದ ವಿಷಯ ಮೊದಲು ಕೇಳಲಿಲ್ಲ, ಬೀಗದ ವಿಷಯ ಕೇಳಿದರು. ಅವರು ಇದನ್ನೆಲ್ಲ ಉಂಡವರು.

"ನೇರ ಮಾತು" ಅವರಿಗೆ: ಎರಡು ದಿನದ ರಜೆ ಎಂದರೆ ದೂರದ ಊರಿನವರಿಗೆ ಒಂದು ದಿನವೂ ಅಲ್ಲ. ರಾತ್ರಿಯಿಡೀ ರೈಲು, ಅಲ್ಲಿಂದ ತಾಲ್ಲೂಕಿಗೆ ಬಸ್ಸು, ಅಲ್ಲಿಂದ ಹಳ್ಳಿಗೆ ಟಂಟಂ. ಹಬ್ಬದ ಮರುದಿನ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೋನ್ ಬಂದ್ ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ "ಇನ್ನೆರಡು ದಿನ ಬೇಕು" ಎಂದು ಕೇಳಿದರೆ ಬೈಗುಳ ಮಾತ್ರ ಸಿಗುತ್ತದೆ ಎಂದು ಗೊತ್ತಿರುವವರು ಫೋನ್ ಎತ್ತುವುದಿಲ್ಲ. ಹದಿನೈದು ದಿನದ ಹಣ ಹಿಡಿದಿಟ್ಟುಕೊಳ್ಳುವ ಸಲಹೆಯನ್ನಂತೂ ದಯವಿಟ್ಟು ಯಾರಿಗೂ ಕೊಡಬೇಡಿ. ಅಮ್ಮನಿಗೆ ಒಂದು ಮನೆಯಿಂದ ಅಂಥ ಹಣ ಇವತ್ತಿನವರೆಗೂ ಬಂದಿಲ್ಲ.

ಲೆಕ್ಕಿಗ

ಕಾನೂನು ಏನು ಹೇಳುತ್ತದೆ ಎಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ, ಅಭ್ಯಾಸ ಬಲ.

ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲೇ. ಆದರೆ ರಜೆಯ ವಿಷಯಕ್ಕೆ ಬಂದರೆ ಕಾನೂನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗಾಗಿ ನಮ್ಮಲ್ಲಿ 1963ರ ಕಾಯ್ದೆಯೊಂದಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ, ಒಟ್ಟು ಹತ್ತು ದಿನ ಸಂಬಳಸಹಿತ ರಜೆ. ಅದು ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ. ನಿಮ್ಮ ಮನೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಮನೆಗೆಲಸದವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರ ಮತ ಹಾಕಿತು, ಅನುಮೋದನೆಯನ್ನು ಮಾತ್ರ ನೀಡಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇವರಿಗಾಗಿ ಕಾನೂನು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅಂದರೆ ಸದ್ಯಕ್ಕೆ ನೀವಿಬ್ಬರೂ ಕುಳಿತು ಆಡಿದ ಮಾತೇ ಕಾನೂನು.

ಆದರೂ ಆ ಹತ್ತು ದಿನಗಳ ಪಟ್ಟಿ ಮಾದರಿಗೆ ಚೆನ್ನಾಗಿದೆ. ನಿಮ್ಮ ಯಜಮಾನರಿಗೆ ಸಿಗುವುದೂ ಹೆಚ್ಚುಕಡಿಮೆ ಅದೇ.

ಇನ್ನೊಂದು ಸೂಕ್ಷ್ಮ. ಸಂಬಳ ಹಿಡಿಯಲೇಬೇಕಾದ ಸಂದರ್ಭ ಬಂದರೆ ಒಂದು ದಿನದ ಬೆಲೆ ಎಷ್ಟು? 18,000ವನ್ನು 30ರಿಂದ ಭಾಗಿಸಿದರೆ 600, 26ರಿಂದ ಭಾಗಿಸಿದರೆ 692. ನಾಲ್ಕು ದಿನಕ್ಕೆ ಒಂದರಲ್ಲಿ 2,400, ಇನ್ನೊಂದರಲ್ಲಿ 2,769. ಗ್ರಾಚ್ಯುಟಿ ಲೆಕ್ಕದಲ್ಲಿ ಕಾಯ್ದೆಯೇ 26 ಎಂದು ಹಿಡಿಯುತ್ತದೆ, ಭಾನುವಾರಗಳನ್ನು ಬಿಟ್ಟು. ಬಹಳ ಮನೆಗಳಲ್ಲಿ ನಡೆಯುವ ಕೈಚಳಕವೆಂದರೆ, ಹಿಡಿಯುವಾಗ 26, ಭಾನುವಾರ ಹೆಚ್ಚುವರಿ ಕೆಲಸಕ್ಕೆ ಕರೆದು ಕೊಡುವಾಗ 30. ನೀವು ಅದನ್ನು ತಿರುಗಿಸಿ. ಹಿಡಿಯುವಾಗ 600, ಕೊಡುವಾಗ ಕನಿಷ್ಠ 692.

ತೇಮ್ಸ್ ದಂಡೆ (ಲಂಡನ್)

ನಮ್ಮಲ್ಲಿ ಇದು ಸೌಜನ್ಯದ ಪ್ರಶ್ನೆಯಲ್ಲ, ಕಾನೂನಿನದು. ಮನೆಗೆ ನ್ಯಾನಿ ಇಟ್ಟುಕೊಂಡರೆ ನಾವು ಮಾಲೀಕರು. ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿ, ಪ್ರತಿ ತಿಂಗಳು ಸಂಬಳ ಚೀಟಿ ಕೊಡಬೇಕು. ರಜೆ ವರ್ಷಕ್ಕೆ 5.6 ವಾರ. ವಾರಕ್ಕೆ ಐದು ದಿನ ಬರುವವರಿಗೆ 28 ದಿನ, ಸಂಬಳಸಹಿತ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಕೂಡುತ್ತಾ ಹೋಗುತ್ತದೆ. ಇಲ್ಲಿನ ಎಂಟು ಸಾರ್ವಜನಿಕ ರಜೆಗಳನ್ನು ಆ 28ರೊಳಗೇ ಸೇರಿಸಬಹುದು. ಕೆಲಸ ಬಿಟ್ಟು ಹೋಗುವಾಗಲಲ್ಲದೆ ರಜೆಯ ಬದಲು ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ.

ಉಳಿಯುವ ನಾಲ್ಕು ವಾರಗಳಲ್ಲಿ ಎರಡನ್ನು ನ್ಯಾನಿ ಆರಿಸುವುದು, ಎರಡನ್ನು ಮನೆಯವರು ಆರಿಸುವುದು ಇಲ್ಲಿನ ರೂಢಿ. ನಾವು ಬೆಂಗಳೂರಿಗೆ ಬರುವುದು ಆ ನಮ್ಮ ಎರಡು ವಾರದಲ್ಲಿ. ಮೂರನೆಯ ವಾರ ಹೆಚ್ಚಾದರೆ ಅದು ನಮ್ಮ ಕಿಸೆಯಿಂದ. ಮೊದಲ ವರ್ಷ ನನಗೂ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ವಿದ್ಯುತ್ ಬಿಲ್ಲಿನಂತೆ ಅಭ್ಯಾಸವಾಯಿತು.

ಫ್ರೀಮಾಂಟ್ ಚಿಕ್ಕಪ್ಪ (ಕ್ಯಾಲಿಫೋರ್ನಿಯ)

ಅಮೆರಿಕದಲ್ಲಿ ಅಷ್ಟು ಸುಖವಿಲ್ಲ. ಹಬ್ಬದ ರಜೆಗೆ ಸಂಬಳ ಕೊಡಲೇಬೇಕೆಂಬ ಕಾನೂನು ಇಡೀ ದೇಶಕ್ಕೆ ಅನ್ವಯಿಸುವಂತೆ ಇಲ್ಲ. ನ್ಯೂಯಾರ್ಕ್ ರಾಜ್ಯ 2010ರಲ್ಲಿ ಮನೆಗೆಲಸದವರ ಹಕ್ಕುಗಳ ಕಾಯ್ದೆ ಮಾಡಿತು. ಅದರಲ್ಲೂ ಒಂದು ವರ್ಷ ದುಡಿದ ಮೇಲೆ ಮೂರು ದಿನ. ಉಳಿದದ್ದು ಒಪ್ಪಂದದಲ್ಲಿ ಬರೆದುಕೊಂಡಂತೆ. ಅನುಭವವಿರುವ ನ್ಯಾನಿಗಳು ಮೊದಲ ಮಾತುಕತೆಯಲ್ಲೇ "ಖಾತರಿ ಗಂಟೆ" ಕೇಳುತ್ತಾರೆ. ವಾರಕ್ಕೆ 40 ಗಂಟೆ ಎಂದು ಒಪ್ಪಿದರೆ, ನಿಮಗೆ ಬೇಕಿರಲಿ ಬೇಡವಾಗಲಿ, 40 ಗಂಟೆಯ ಹಣ.

ನಾನು ಆ ಮಾತು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ನಾಲ್ಕು ವಾರ ಹುಬ್ಬಳ್ಳಿಗೆ ಬಂದೆವು. ವಿಮಾನದ ಟಿಕೆಟಿಗೆ ಸುರಿದ ದುಡ್ಡಿನ ಮುಂದೆ ನ್ಯಾನಿಯ ಸಂಬಳ ಉಳಿಸಿ ಜಾಣನಾದೆ ಅಂದುಕೊಂಡೆ. ಹಿಂದಿರುಗಿದ ರಾತ್ರಿ ಅವರ ಸಂದೇಶ: ಬೇರೆ ಕಡೆ ಸೇರಿದ್ದೇನೆ, ಕ್ಷಮಿಸಿ. ಅವರೂ ಜನವರಿ ಒಂದಕ್ಕೆ ಬಾಡಿಗೆ ಕಟ್ಟಬೇಕಿತ್ತಲ್ಲ. ಮಗ ಎರಡು ವಾರ ಬಾಗಿಲ ಹತ್ತಿರ ನಿಂತು ಅವರ ಹೆಸರು ಹಿಡಿದು ಕರೆಯುತ್ತಿದ್ದ.

ಬಸವನಗುಡಿ ಅಜ್ಜಿ

ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಗೌರಿ ಹಬ್ಬಕ್ಕೆ ಸೀರೆ, ದೀಪಾವಳಿಗೆ ಸ್ವಲ್ಪ ಬಕ್ಷೀಸು, ಹೋಳಿಗೆ ಉಳಿದರೆ ಡಬ್ಬಿಗೆ. ಧಾರಾಳವಾಗಿ ಕೊಟ್ಟೆ ಎಂದು ನಾನು ಹೆಮ್ಮೆ ಪಟ್ಟವಳೇ. ಒಮ್ಮೆ ನಮ್ಮ ಮನೆಯ ಕೆಲಸದ ಹೆಂಗಸು ಗೌರಿ ಹಬ್ಬಕ್ಕೆ ಹಿಂದಿನ ವರ್ಷದ ಸೀರೆಯನ್ನು ಮಡಿಕೆ ಬಿಚ್ಚದೆ ತಂದು, "ಅಮ್ಮಾ, ಇದನ್ನೇ ಯಾರಿಗಾದರೂ ಕೊಡಿ, ನನಗೆ ದುಡ್ಡು ಕೊಡಿ" ಎಂದಳು. ಸಿಟ್ಟು ಬಂತು. ಯಾಕೆ ಎಂದರೆ, ರವಿಕೆ ಹೊಲಿಸಿ, ಫಾಲ್ ಹಚ್ಚಿಸಲು ಅವಳ ಹತ್ತಿರ ಕಾಸಿಲ್ಲ. ಹಬ್ಬಕ್ಕೆ ಎರಡು ದಿನ ಬರಲಿಲ್ಲವೆಂದು ಆ ತಿಂಗಳ ಸಂಬಳದಲ್ಲಿ ನಾನೇ ಹಿಡಿದಿದ್ದೆ. ಸೀರೆ ಕೊಟ್ಟ ಕೈಯಿಂದಲೇ.

ಸೀರೆ ಕೊಡಿ, ಬೇಡ ಎನ್ನುವುದಿಲ್ಲ. ಸಂಬಳದ ಲೆಕ್ಕಕ್ಕೆ ಸೇರಿಸಬೇಡಿ.

ನೇರ ಮಾತು

ಎಲ್ಲರೂ ಸೇರಿ ನನ್ನನ್ನು ಖಳನಾಯಕನನ್ನಾಗಿ ಮಾಡಿಬಿಟ್ಟಿರಿ. ಇರಲಿ. ಮೇ ತಿಂಗಳ ಮಾತು ನನಗೆ ತಟ್ಟಿತು, ಆ ದಿಕ್ಕಿನಿಂದ ಯೋಚಿಸಿರಲಿಲ್ಲ. ನಾವು ಊರಿಗೆ ಹೋದಾಗ ಕೊಡಬೇಕೆಂಬುದನ್ನು ಒಪ್ಪಿದೆ.

ಆದರೆ ನನ್ನ ಮೂಲ ಕಷ್ಟಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಆಯಾ ಬರದಿದ್ದರೆ ಪಾತ್ರೆಯಂತೆ ಮಗುವನ್ನು ಸಂಜೆಗೆ ಎತ್ತಿಡಲಾಗದು. ಯಾರಾದರೂ ಮನೆಯಲ್ಲಿ ಇರಲೇಬೇಕು. ರಜೆಗೆ ಸಂಬಳ ಕೊಟ್ಟ ಮೇಲೂ ಹೇಳಿದ ದಿನ ಬರುತ್ತಾರೆ ಎನ್ನುವುದಕ್ಕೆ ಏನು ಮಾಡಬೇಕು?

ಎರಡು ಮಕ್ಕಳ ತಂದೆ

ಹೋಗುವ ಟಿಕೆಟ್ಟೂ ಬರುವ ಟಿಕೆಟ್ಟೂ ನೀವೇ ಮಾಡಿಸಿಕೊಡಿ, ಸ್ಲೀಪರ್ ಸಾಕು. ಈಗ ರೈಲಿನಲ್ಲಿ 60 ದಿನ ಮೊದಲಷ್ಟೇ ಕಾಯ್ದಿರಿಸಲು ಸಾಧ್ಯ, 2024ರ ನವೆಂಬರಿಗೆ ಮೊದಲು 120 ದಿನ ಇತ್ತು. ಹಬ್ಬದ ಸೀಟುಗಳು ಬೇಗ ತುಂಬುತ್ತವೆ. ಹಾಗಾಗಿ ಎರಡು ತಿಂಗಳು ಮೊದಲೇ ಕುಳಿತು ದಿನಾಂಕ ಗೊತ್ತುಮಾಡಿ. ಸೀಟು ಖಾತರಿಯಿದ್ದವರು ಹೇಳಿದ ದಿನ ಬರುತ್ತಾರೆ. ನಮ್ಮವರು ಆರು ವರ್ಷದಲ್ಲಿ ಒಮ್ಮೆ ತಡವಾದರು, ಅದೂ ಅವರ ಅತ್ತೆ ತೀರಿಕೊಂಡಾಗ.

ಮತ್ತೆ, ಕೇಳುವಾಗ "ಎಷ್ಟು ದಿನ ರಜೆ ಬೇಕು" ಎನ್ನಬೇಡಿ. ಹೆದರಿ "ಎರಡು" ಎನ್ನುತ್ತಾರೆ. "ಯಾವ ದಿನ ಇಲ್ಲಿಗೆ ಬಂದು ಮುಟ್ಟುತ್ತೀರಿ" ಎಂದು ಕೇಳಿ.

ಅಡುಗೆಯವರ ಮಗಳು

ಇದು ಸರಿಯಾದ ಮಾತು. ಒಂದು ಸೇರಿಸುತ್ತೇನೆ. ಬರೆದಿಡಿ, ಎರಡು ಪ್ರತಿ ಮಾಡಿ, ಒಂದು ಅವರ ಕೈಗೆ ಕೊಡಿ. ಕ್ಯಾಲೆಂಡರ್ ಕೂಡ ಎರಡು ತನ್ನಿ.

ಕೂಸಿನಮ್ಮ

ಎಲ್ಲರಿಗೂ ಧನ್ಯವಾದ. ನಿನ್ನೆ ಅವರನ್ನು ಮತ್ತೆ ಕರೆಸಿ ಮಾತಾಡಿದೆವು. ನಾನು ಕ್ರಮವಾಗಿ ಹೇಳಬೇಕೆಂದಿದ್ದೆ, ಮಗು ಅವರ ಕೈಬಳೆ ಹಿಡಿದು ಎಳೆಯುತ್ತಾ ಅರ್ಧ ಮಾತು ಅವಳೇ ಆಡಿದಳು.

ನಮ್ಮಿಂದ ಬೀಗ ಬಿದ್ದ ದಿನಗಳಿಗೆ ಪೂರ್ತಿ ಸಂಬಳ, ಸಾಗರದ ಹತ್ತು ದಿನವೂ ಸೇರಿ. ಲೆಕ್ಕಿಗರ ಪಟ್ಟಿಯ ಹತ್ತು ರಜೆ. ಅದರ ಮೇಲೆ ತಿಂಗಳಿಗೊಂದು, ಕೂಡಿಟ್ಟುಕೊಂಡು ಒಟ್ಟಿಗೆ ಬಳಸಬಹುದು. ಅದನ್ನೂ ಮೀರಿದರೆ ದಿನಕ್ಕೆ 600 ಹಿಡಿಯುವುದು. ಈ ದೀಪಾವಳಿಗೆ ಎರಡು ತಿಂಗಳ ಲೆಕ್ಕದಲ್ಲಿ 3,000, ಮುಂದಿನ ವರ್ಷ ಪೂರ್ತಿ. ವರ್ಷಕ್ಕೊಮ್ಮೆ ಊರಿನ ರೈಲು ಟಿಕೆಟ್ ನಮ್ಮದು. ನಮ್ಮವರು 600ರ ವಿಷಯದಲ್ಲಿ ಸ್ವಲ್ಪ ಎಳೆದಾಡಿದರು. ಆಗಸ್ಟ್ 15ನ್ನು ನೆನಪಿಸಿದೆ, ಸುಮ್ಮನಾದರು.

ಬರೆದದ್ದನ್ನು ಅವರು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ಆಮೇಲೆ ಫೋಟೊ ತೆಗೆದು ಮಗಳಿಗೆ ಕಳಿಸಿದರು. ಮಗಳು ಫೋನ್ ಮಾಡಿ ಏನೋ ಹೇಳಿದಳು. ಅಷ್ಟಾದ ಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಎಳ್ಳಮಾವಾಸ್ಯೆ ಇಲ್ಲವಲ್ಲ ಮೇಡಂ" ಎಂದರು.

ನಾನು ಕ್ಯಾಲೆಂಡರ್ ತಿರುವಿದೆ. ಡಿಸೆಂಬರ್ ಪುಟದಲ್ಲಿ ಕಪ್ಪು ಅಂಕಿಯ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಇತ್ತು. ನಮ್ಮ ಮನೆಯಲ್ಲಿ ಅದೊಂದು ಹಬ್ಬವೆಂದೇ ಗೊತ್ತಿಲ್ಲ. ಅವರ ಕಡೆ ಅವತ್ತು ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಪೈರಿನ ನಡುವೆ ಅಡುಗೆ ಚೆಲ್ಲಿ (ಅದಕ್ಕೆ ಚರಗ ಎನ್ನುತ್ತಾರೆ), ಅಲ್ಲೇ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ ಉಣ್ಣುತ್ತಾರಂತೆ. ನಾಲ್ಕು ವರ್ಷದಿಂದ ಹೋಗಿಲ್ಲ, ಹಿಂದಿನ ಮನೆಯವರು ಅದು ಹಬ್ಬವೇ ಅಲ್ಲ ಎಂದಿದ್ದರಂತೆ. "ಗಣಪತಿ ಹಬ್ಬಕ್ಕೆ ನನಗೆ ರಜೆ ಬೇಡ, ಅದನ್ನು ತೆಗೆದು ಅಲ್ಲಿಗೆ ಹಾಕಿ" ಎಂದರು. ಎರಡು ಪ್ರತಿಯಲ್ಲೂ ತಿದ್ದಿದೆವು.

ರೈಲಿನ ಟಿಕೆಟ್ ತೆರೆಯುವ ದಿನಕ್ಕೆ ನಮ್ಮವರೇ ಮೊಬೈಲಿನಲ್ಲಿ ಬೆಳಿಗ್ಗೆ 7.55ರ ಅಲಾರಾಂ ಇಟ್ಟುಕೊಂಡಿದ್ದಾರೆ.

ಅಡುಗೆಯವರ ಮಗಳು

ಬರುವಾಗ ಶೇಂಗಾ ಹೋಳಿಗೆ ತಂದೇ ತರುತ್ತಾರೆ, ನೋಡುತ್ತಿರಿ. ಫ್ರಿಜ್‌ನಲ್ಲಿ ಇಡಬೇಡಿ, ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಹಾಗೇ ಇಟ್ಟರೆ ವಾರವಾದರೂ ಕೆಡುವುದಿಲ್ಲ.